ವಿಮಾನವಿಲ್ಲದ ದಾರಿಗೆ ಒಂದು ಗಂಟೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ರಾಜ್ಯದ ಸಣ್ಣ ವಿಮಾನ ನಿಲ್ದಾಣಗಳ ಬಗ್ಗೆ ಅರ್ಧ ಪುಟದ ಲೇಖನವಿತ್ತು. ಅದರ ಮೂಲೆಯಲ್ಲಿ ಬಣ್ಣದ ಚೌಕಟ್ಟಿನೊಳಗೆ ಒಂದು ಪಟ್ಟಿ: ಎರಡೆರಡು ಊರುಗಳ ಹೆಸರು, ಅವುಗಳ ನಡುವಿನ ದೂರ, ಹಾರಾಟದ ಸಮಯ. ಅದರಲ್ಲಿ ಒಂದು ಸಾಲು ನಮಗೆ ಸೇರಿದ್ದು. ‘ಕಲಬುರಗಿ–ಶಿವಮೊಗ್ಗ: 408 ಕಿ.ಮೀ., 220 ಮೈಲು, 1 ಗಂಟೆ’. ನಾನು ಕಲಬುರಗಿಯವನು, ಮಗಳನ್ನು ಕೊಟ್ಟಿರುವುದು ಶಿವಮೊಗ್ಗಕ್ಕೆ. ಜೊತೆಗೆ ಭೂಮಾಪನ ಇಲಾಖೆಯಲ್ಲಿ ಸವೆದು ನಿವೃತ್ತನಾದವನು. ದೂರದ ವಿಷಯದಲ್ಲಿ ಯಾರಾದರೂ ಸಡಿಲವಾಗಿ ಮಾತನಾಡಿದರೆ ತಡೆದುಕೊಳ್ಳುವುದು ನನಗೆ ಈಗಲೂ ಕಷ್ಟ.

ಮೊದಲು ಸಣ್ಣ ತಪ್ಪನ್ನು ಮುಗಿಸಿಬಿಡುತ್ತೇನೆ. 408 ಕಿಲೋಮೀಟರ್ ಎಂದರೆ 220 ಮೈಲು ಅಲ್ಲ, 253ಕ್ಕೂ ಮೇಲೆ. 220 ಎನ್ನುವುದು ನಾಟಿಕಲ್ ಮೈಲು. ಹಡಗು ಮತ್ತು ವಿಮಾನದವರು ಬಳಸುವ ಆ ಮೈಲಿಗೆ 1,852 ಮೀಟರ್; ನಮ್ಮ ಹಳೆಯ ಮೈಲುಗಲ್ಲಿನ ಮೈಲಿಗೆ 1,609 ಮೀಟರ್. ಎರಡನ್ನೂ ಬರಿದೇ ‘ಮೈಲು’ ಎಂದು ಅಚ್ಚು ಹಾಕಿದರೆ ಮೂವತ್ತಮೂರು ಮೈಲು ಗಾಳಿಯಲ್ಲಿ ಕರಗಿಹೋಗುತ್ತದೆ. ಹೊಲದ ಅಳತೆಯಲ್ಲಿ ಒಂದು ಗುಂಟೆ ವ್ಯತ್ಯಾಸ ಬಂದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಪತ್ರಿಕೆಯ ಮೇಲೆ ಯಾರೂ ಹತ್ತುವುದಿಲ್ಲ ಎಂಬುದಷ್ಟೇ ನಿಮ್ಮ ಅದೃಷ್ಟ.

408 ಎಂಬ ಅಂಕಿ ಮಾತ್ರ ಸರಿ. ನಾನೇ ಲೆಕ್ಕ ಹಾಕಿ ನೋಡಿದೆ. ಕಲಬುರಗಿಯ ನಿಲ್ದಾಣ ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯ ಹತ್ತಿರ, ಶಿವಮೊಗ್ಗದ್ದು ಸೋಗಾನೆಯಲ್ಲಿ. ಇವುಗಳ ನಡುವೆ ಉತ್ತರ–ದಕ್ಷಿಣವಾಗಿ ಸುಮಾರು 382 ಕಿಲೋಮೀಟರ್, ಪೂರ್ವ–ಪಶ್ಚಿಮವಾಗಿ ಸುಮಾರು 144 ಕಿಲೋಮೀಟರ್ ಅಂತರ. ಇಷ್ಟು ಹತ್ತಿರದ ಎರಡು ಬಿಂದುಗಳಿಗೆ ಭೂಮಿಯ ಗುಂಡುತನದ ಗೊಡವೆಯೂ ಹೆಚ್ಚು ಬೇಡ, ಹೈಸ್ಕೂಲಿನ ಪೈಥಾಗೊರಸ್ ಸಾಕು. ನಂತರ ರಾಜ್ಯದ ನಕ್ಷೆಯ ಮೇಲೆ ಅಡಿಪಟ್ಟಿಯಿಟ್ಟು ಗೆರೆ ಎಳೆದೆ. ಗೆರೆ ಜೇವರ್ಗಿಯ ಬಳಿ ಭೀಮಾ ನದಿಯನ್ನು ದಾಟಿ, ಸುರಪುರವನ್ನು ಎಡಕ್ಕೆ ಬಿಟ್ಟು, ಕೃಷ್ಣೆಯನ್ನು ದಾಟಿ ಲಿಂಗಸುಗೂರಿನ ಮೇಲೆಯೇ ಹಾಯ್ದು, ಕೊಪ್ಪಳದ ಪಕ್ಕದಲ್ಲಿ ಇಳಿದು, ಹರಿಹರಕ್ಕೂ ದಾವಣಗೆರೆಗೂ ನಡುವಿನಿಂದ ಮಲೆನಾಡಿನ ಅಂಚಿಗೆ ಸೇರುತ್ತದೆ. ಸರ್ವೆಯವನಿಗೆ ಇದಕ್ಕಿಂತ ಚೆಂದದ ಗೆರೆ ಸಿಗುವುದಿಲ್ಲ. ತೊಗರಿಯ ಹೊಲದಿಂದ ಹೊರಟು, ಜೋಳ, ಭತ್ತ, ಮೆಕ್ಕೆಜೋಳಗಳನ್ನು ದಾಟಿ ಅಡಿಕೆಯ ತೋಟದ ಹತ್ತಿರ ಮುಗಿಯುತ್ತದೆ.

ಆದರೆ ‘1 ಗಂಟೆ’ ಎಲ್ಲಿಂದ ಬಂತು?

ಇದು ಯಾರೋ ಗಡಿಯಾರ ಹಿಡಿದು ನೋಡಿದ ಸಮಯವಲ್ಲ. ಇಂಥ ಪಟ್ಟಿಗಳನ್ನು ತಯಾರಿಸುವ ಕಂಪ್ಯೂಟರಿನ ಸೂತ್ರ ಬಹಳ ಸರಳ. ಎರಡು ನಿಲ್ದಾಣಗಳ ನಡುವಿನ ನೇರ ದೂರವನ್ನು ಗಂಟೆಗೆ 500 ಮೈಲು, ಅಂದರೆ ಸುಮಾರು 805 ಕಿಲೋಮೀಟರ್ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುವುದು. 408ನ್ನು 805ರಿಂದ ಭಾಗಿಸಿದರೆ ಅರ್ಧ ಗಂಟೆ. ಮೇಲೆ ಅರ್ಧ ಗಂಟೆ. ಒಟ್ಟು ಒಂದು ಗಂಟೆ. ನಿಮ್ಮ ಪಟ್ಟಿಯ ಉಳಿದ ಸಾಲುಗಳನ್ನೂ ಹೀಗೇ ಪರೀಕ್ಷಿಸಿದೆ, ಎಲ್ಲವೂ ತಾಳೆಯಾದವು. ಎಪ್ಪತ್ತೈದು ಕಿಲೋಮೀಟರ್ ನೇರ ದೂರವಿರುವ ಹುಬ್ಬಳ್ಳಿ–ಬೆಳಗಾವಿಗೂ 36 ನಿಮಿಷ ಬರೆದಿದ್ದೀರಿ. ಆ ಎರಡು ಊರುಗಳ ನಡುವೆ ವಿಮಾನ ಹಾರಿಸುವ ಯೋಚನೆ ಯಾವ ಪುಣ್ಯಾತ್ಮನಿಗೆ ಬರಬೇಕು?

ಗಂಟೆಗೆ 805 ಕಿಲೋಮೀಟರ್ ಎನ್ನುವುದು ದೊಡ್ಡ ಜೆಟ್ ವಿಮಾನಗಳ ಲೆಕ್ಕ. ನಮ್ಮ ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ, ಇಲ್ಲವೇ ಐವತ್ತು–ಎಪ್ಪತ್ತಾರು ಸೀಟಿನ ಎಂಬ್ರೇಯರ್ ಜೆಟ್. ಎಟಿಆರ್ ಓಡುವುದು ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನಲ್ಲಿ. ಅದನ್ನೇ ಸೂತ್ರಕ್ಕೆ ಹಾಕಿದರೆ ಕಲಬುರಗಿ–ಶಿವಮೊಗ್ಗಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. ಜೊತೆಗೆ ವಿಮಾನ ನನ್ನ ಅಡಿಪಟ್ಟಿಯ ಗೆರೆಯ ಮೇಲೆ ಹಾರುವುದಿಲ್ಲ. ಗೊತ್ತುಪಡಿಸಿದ ದಾರಿಗಳಿವೆ, ರನ್‌ವೇ ಯಾವ ದಿಕ್ಕಿಗಿದೆಯೋ ಅತ್ತ ಸುತ್ತಿ ಇಳಿಯಬೇಕು, ಗಾಳಿ ಎದುರಾದರೆ ಇನ್ನಷ್ಟು ನಿಧಾನ. ಕಂಪನಿಗಳು ವೇಳಾಪಟ್ಟಿಯಲ್ಲಿ ಕೊಡುವ ಸಮಯವೂ ಹಾರಾಟದ್ದಲ್ಲ. ಹೊರಡುವ ಕಡೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಕಡೆ ಬಂದು ನಿಲ್ಲುವವರೆಗಿನ ಸಮಯ. ಬೆಂಗಳೂರಿನಿಂದ ಶಿವಮೊಗ್ಗ ನೇರ ಗೆರೆಯಲ್ಲಿ ಸುಮಾರು 238 ಕಿಲೋಮೀಟರ್, ಕಲಬುರಗಿ ಸುಮಾರು 462. ದೂರ ಹೆಚ್ಚುಕಡಿಮೆ ಇಮ್ಮಡಿ. ಆದರೂ ನಾನು ಹೋದಾಗ ಎರಡಕ್ಕೂ ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದೇ ಬರೆದಿತ್ತು. ಸಣ್ಣ ದೂರದ ಹಾರಾಟದಲ್ಲಿ ಆಕಾಶದಲ್ಲಿ ಕಳೆಯುವುದಕ್ಕಿಂತ ನೆಲದ ಮೇಲೆ ತೆವಳುವುದು, ಏರುವುದು, ಇಳಿಯುವುದೇ ಹೆಚ್ಚು ಹೊತ್ತು ತಿನ್ನುತ್ತದೆ.

ಸೂತ್ರ ಎಷ್ಟು ಕುರುಡು ಎಂದು ತಿಳಿಯಲು ಇನ್ನೊಂದು ಉದಾಹರಣೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ 1967ರಿಂದ ಪುಟ್ಟ ವಿಮಾನ ಓಡಾಡುತ್ತಿದೆ. ದೂರ 2.7 ಕಿಲೋಮೀಟರ್. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಅದು. ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡಿನಲ್ಲೂ ಮುಗಿದಿದೆ. ನಿಮ್ಮ ಪಟ್ಟಿಯ ಸೂತ್ರವನ್ನು ಅಲ್ಲಿಗೆ ಹಚ್ಚಿದರೆ ಮೂವತ್ತು ನಿಮಿಷ ಹನ್ನೆರಡು ಸೆಕೆಂಡು ಬರುತ್ತದೆ! ಆ ಊರುಗಳಿಗೂ ನಮ್ಮೂರುಗಳಿಗೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಸೂತ್ರ ತಪ್ಪಾದರೂ ವಿಮಾನ ಇದೆ. ಇಲ್ಲಿ ಶಿವಮೊಗ್ಗದ ರನ್‌ವೇ ಒಂದೇ 3,200 ಮೀಟರ್ ಉದ್ದ, ಅವರ ಇಡೀ ಪ್ರಯಾಣಕ್ಕಿಂತ ಅರ್ಧ ಕಿಲೋಮೀಟರ್ ಹೆಚ್ಚು. ಕಲಬುರಗಿಯದೂ ಮೂರು ಕಿಲೋಮೀಟರಿಗೆ ಮೇಲೆಯೇ ಇದೆ. ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು, ಶಿವಮೊಗ್ಗದ್ದು 2023ರ ಫೆಬ್ರುವರಿ 27ರಂದು. ಗೆರೆಯ ಎರಡೂ ತುದಿಗಳು ಸಿದ್ಧ. ನಡುವೆ ಓಡುವ ವಿಮಾನ ಮಾತ್ರ ಇಲ್ಲ.

ಈ ಮಾತು ನಿಮ್ಮ ಅರ್ಧ ಪುಟದಲ್ಲಿ ಎಲ್ಲೂ ಬರಲಿಲ್ಲ. ‘1 ಗಂಟೆ’ ಎಂದು ಓದಿದವರು ನಾಳೆಯೇ ಟಿಕೆಟ್ ಸಿಗುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಅಂಕಿ ಹಿಂದೆ ಕೆಲಸ ಮಾಡಿತ್ತು. ಮಗಳ ಹೊಸ ಮನೆಯ ಗೃಹಪ್ರವೇಶ. “ಅಪ್ಪಾ, ಅಮ್ಮನ ಮಂಡಿನೋವಿಗೆ ರಾತ್ರಿಯೆಲ್ಲ ಬಸ್ಸು ಬೇಡ. ಕಲಬುರಗಿಯಿಂದ ಒಂದೇ ಗಂಟೆಯಂತೆ, ಮೊಬೈಲ್‌ನಲ್ಲಿ ತೋರಿಸುತ್ತಿದೆ, ವಿಮಾನದಲ್ಲೇ ಬನ್ನಿ” ಎಂದಳು. ಹುಡುಕಿದ ಮೇಲೆ ಸಿಕ್ಕಿದ್ದು ಬೆಂಗಳೂರಿನ ದಾರಿ. ಆಗ ಎರಡೂ ಕಡೆಗೆ ಬೆಂಗಳೂರಿನಿಂದ ವಿಮಾನವಿತ್ತು.

ನಮ್ಮ ಮನೆ ಶಹಾಬಜಾರಿನಲ್ಲಿ. ನಸುಕಿನಲ್ಲೇ ಎದ್ದು ಸ್ನಾನ, ಪೂಜೆ ಮುಗಿಸಿ ಆಟೊ ಹಿಡಿದು ಸೇಡಂ ರಸ್ತೆಯಲ್ಲಿ ನಿಲ್ದಾಣ ಮುಟ್ಟಿದೆವು. ಹದಿನೈದು ಕಿಲೋಗಿಂತ ಹೆಚ್ಚಿನ ಸಾಮಾನಿಗೆ ಬೇರೆ ಹಣ. ಬೀಗರ ಮನೆಗೆಂದು ಹೆಂಡತಿ ಕಟ್ಟಿದ್ದ ತೊಗರಿಬೇಳೆ, ಶೇಂಗಾ ಹಿಂಡಿ, ಕಟಕ ರೊಟ್ಟಿಯ ಗಂಟು ತಕ್ಕಡಿಯ ಮೇಲೆ ಕೂತಿತು. ಬೇಳೆಗೆ ಅದರ ಬೆಲೆಗಿಂತ ಹೆಚ್ಚಿನ ಬಾಡಿಗೆ ಕೊಡಬೇಕಾಗುತ್ತಿತ್ತು. ಅರ್ಧ ಬೇಳೆಯನ್ನು ಕೈಚೀಲಕ್ಕೆ ಸುರಿದುಕೊಂಡೆವು. ವಿಮಾನ ತಡವಾಗಿ ಬಂದು ತಡವಾಗಿ ಹೊರಟಿತು. ಬೆಂಗಳೂರಿನಲ್ಲಿ ಇಳಿದ ಮೇಲೆ ಇನ್ನೊಂದು ಪಾಠ: ನಮ್ಮ ಎರಡು ಟಿಕೆಟ್ಟುಗಳು ಎರಡು ಬೇರೆ ಕಂಪನಿಗಳವು. ಹಾಗಾಗಿ ನಮ್ಮ ಸಾಮಾನು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಪಟ್ಟೆಯ ಬಳಿ ಕಾದು ಅದನ್ನು ಇಳಿಸಿಕೊಂಡು, ಹೊರಗೆ ಬಂದು, ಬಸ್ ಹಿಡಿದು ಇನ್ನೊಂದು ಟರ್ಮಿನಲ್ಲಿಗೆ ಹೋಗಿ, ಮತ್ತೆ ತೂಕ, ಮತ್ತೆ ತಪಾಸಣೆ, ಮತ್ತೆ ಬೆಲ್ಟು ಬಿಚ್ಚುವುದು. ಮೊದಲ ವಿಮಾನ ಇನ್ನಷ್ಟು ತಡವಾಗಿದ್ದರೆ ಎರಡನೆಯ ಕಂಪನಿ ನಮ್ಮನ್ನು ಕೇಳುತ್ತಲೂ ಇರಲಿಲ್ಲ. ಆ ಟಿಕೆಟ್ಟಿನ ಹಣ ಅಲ್ಲಿಗೇ ಹೋಗುತ್ತಿತ್ತು. ಇದಕ್ಕೆ ಹೆದರಿಯೇ ನಾವು ನಡುವೆ ಬಹಳ ಹೊತ್ತು ಬಿಟ್ಟು ಮಧ್ಯಾಹ್ನದ ನಂತರದ ವಿಮಾನ ಹಿಡಿದಿದ್ದೆವು. ಅಷ್ಟು ಹೊತ್ತು ಮಂಡಿನೋವಿನ ಹೆಂಗಸು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು.

ಸೋಗಾನೆಯಲ್ಲಿ ಇಳಿದು ಅಳಿಯಂದಿರ ಕಾರಿನಲ್ಲಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ನೇರ ಗೆರೆಯಲ್ಲಿ 408 ಕಿಲೋಮೀಟರ್ ದೂರದ ಊರಿಗೆ ನಾವು ಆಕಾಶದಲ್ಲೇ 700 ಕಿಲೋಮೀಟರ್ ಸುತ್ತಿ, ಇಡೀ ಹಗಲು ತೆತ್ತು ಹೋಗಿದ್ದೆವು. ರಾತ್ರಿ ಬಸ್ಸಿನಲ್ಲಾಗಿದ್ದರೆ ಊಟ ಮಾಡಿ ಹತ್ತಿದವರು ಬೆಳಗಿನ ತಿಂಡಿಗೆ ಅಲ್ಲಿರುತ್ತಿದ್ದೆವು. ರಸ್ತೆಯ ದೂರ ಹೆಚ್ಚೂಕಡಿಮೆ ಐನೂರು ಕಿಲೋಮೀಟರ್. ಬೇಳೆಯನ್ನೂ ಯಾರೂ ತೂಗುತ್ತಿರಲಿಲ್ಲ. ವಾಪಸು ಬರುವಾಗ “ಬಸ್ಸಿಗೇ ಟಿಕೆಟ್ ಮಾಡಿಸಿ” ಎಂದು ಹೇಳಿದ್ದು ನಾನಲ್ಲ, ಮಂಡಿನೋವಿನವಳೇ.

ಒಂದು ಕಾಲಕ್ಕೆ ಕಲಬುರಗಿಯಿಂದ ತಿರುಪತಿಗೆ ನೇರ ವಿಮಾನ ಹಾರಿದ್ದುಂಟು. ಶಿವಮೊಗ್ಗದಿಂದಲೂ ತಿರುಪತಿಗೆ ಹಾರಿದ್ದುಂಟು. ತಿಮ್ಮಪ್ಪನ ಸನ್ನಿಧಿಯಲ್ಲಿ ಬೀಗರು ಭೇಟಿಯಾಗಬಹುದು, ಒಬ್ಬರ ಮನೆಗೆ ಒಬ್ಬರು ಹಾರಿ ಹೋಗುವಂತಿಲ್ಲ.

ನನ್ನ ಕೆಲಸದಲ್ಲಿ ರೈತರು ಹಳ್ಳಿಯ ನಕ್ಷೆ ಹಿಡಿದು ಬರುತ್ತಿದ್ದರು. ‘ಸಾಹೇಬರೇ, ನಕಾಶೆ ಕಂಡ ದಾರಿ ಇದೆ, ನೋಡಿ’ ಎಂದು ಚುಕ್ಕೆಗೆರೆ ತೋರಿಸುತ್ತಿದ್ದರು. ಸ್ಥಳಕ್ಕೆ ಹೋಗಿ ನೋಡಿದರೆ ಆ ಜಾಗದಲ್ಲಿ ಯಾರದೋ ಹತ್ತಿ ನಿಂತಿರುತ್ತಿತ್ತು. ಆಗ ನಾವು ವರದಿಯಲ್ಲಿ ಎರಡನ್ನೂ ಬರೆಯಬೇಕಿತ್ತು: ನಕ್ಷೆಯಲ್ಲಿ ದಾರಿ ಇದೆ, ಸ್ಥಳದಲ್ಲಿ ಸಾಗುವಳಿ ಇದೆ. ಮೊದಲನೆಯದನ್ನು ಮಾತ್ರ ಬರೆದು ಸಹಿ ಹಾಕಿದ ಮೋಜಣಿದಾರನಿಗೆ ಮೇಲಿನವರು ನೋಟಿಸು ಕೊಡುತ್ತಿದ್ದರು. ನಿಮ್ಮ ಪಟ್ಟಿ ಮೊದಲನೆಯದನ್ನು ಮಾತ್ರ ಬರೆದಿದೆ.

ನೇರ ಗೆರೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ನಡೆಯುವ ಜಾಗಗಳಿವೆ. ಇಂಧನದ ಅಂದಾಜಿಗೆ ಬೇಕು, ಸರ್ಕಾರದ ಸಹಾಯಧನದ ಲೆಕ್ಕಕ್ಕೆ ಬೇಕು. ದೇವನಹಳ್ಳಿಯ ನಿಲ್ದಾಣದ ಒಪ್ಪಂದದಲ್ಲೇ ನೋಡಿ: ಅದು ಶುರುವಾದ 2008ರಿಂದ 25 ವರ್ಷ, ಆಕಾಶದ ಲೆಕ್ಕದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಕೇಂದ್ರ ಅವಕಾಶ ಕೊಡುವಂತಿಲ್ಲ, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ಅಲ್ಲಿ ರಸ್ತೆಯ ದೂರ ಬರೆದಿದ್ದರೆ ಪ್ರತಿ ಹೊಸ ಬೈಪಾಸಿಗೂ ವ್ಯಾಜ್ಯ ಹುಟ್ಟುತ್ತಿತ್ತು. ವಕೀಲರಿಗೂ ಪೈಲಟ್‌ಗಳಿಗೂ ನೇರ ದೂರ ಸರಿ. ಮಗಳ ಮನೆಗೆ ಹೋಗುವವರಿಗೆ ಬೇಕಾದದ್ದು ಇಷ್ಟೇ: ವಿಮಾನ ಇದೆಯೇ, ವಾರಕ್ಕೆ ಎಷ್ಟು ದಿನ, ಈ ಮನೆಯ ಬಾಗಿಲಿನಿಂದ ಆ ಮನೆಯ ಬಾಗಿಲಿಗೆ ಎಷ್ಟು ಹೊತ್ತು.

‘ಇದೆಯೇ’ ಎನ್ನುವ ಪ್ರಶ್ನೆಯನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು. ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ, ಶಿಮ್ಲಾ ಮತ್ತು ದೆಹಲಿ ನಡುವೆ. ಸುಮಾರು 500 ಕಿಲೋಮೀಟರ್ ಅಥವಾ ಒಂದು ಗಂಟೆಯ ಹಾರಾಟಕ್ಕೆ ಒಂದಷ್ಟು ಸೀಟುಗಳ ದರ 2,500 ರೂಪಾಯಿ ಮೀರಬಾರದು, ಕಂಪನಿಯ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ ಎಂಬುದು ಆಗಿನ ಏರ್ಪಾಡು. ‘ಒಂದು ಗಂಟೆ’ ಎಂಬ ಮಾತಿಗೆ ಜನರ ಬಾಯಲ್ಲಿ ಇಷ್ಟು ಬೆಲೆ ಬಂದದ್ದೂ ಅಲ್ಲಿಂದಲೇ ಎಂದು ನನ್ನ ಅನುಮಾನ. ಸರ್ಕಾರದ ಲೆಕ್ಕಪತ್ರ ಪರಿಶೀಲಿಸುವ ಸಿಎಜಿಯ 2023ರ ವರದಿ ಏನು ಹೇಳಿತು ಗೊತ್ತೇ? ಅದು ಪರಿಶೀಲಿಸಿದ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ಮಾರ್ಗಗಳ ಪೈಕಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನದ ಅವಧಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ಓಡುತ್ತಿದ್ದವು 54. ಅಂದರೆ ಸಣ್ಣ ಊರುಗಳ ವಿಮಾನದ ವಿಷಯದಲ್ಲಿ ‘ಇದೆ’ ಎನ್ನುವ ಮಾತು ತಾರೀಖು ಹಾಕಿ ಹೇಳಬೇಕಾದ ಮಾತು. ಮೈಸೂರಿನಿಂದ ಬೆಳಗಾವಿಗೂ ಹುಬ್ಬಳ್ಳಿಗೂ ಹಾರಿದ್ದುಂಟು, ನಿಂತದ್ದೂ ಉಂಟು. ಕಲಬುರಗಿಯ ವೇಳಾಪಟ್ಟಿಯನ್ನಂತೂ ನಾವು ಪಂಚಾಂಗ ನೋಡಿದ ಹಾಗೆ ಆಗಾಗ ತೆಗೆದು ನೋಡುತ್ತಿರಬೇಕು.

ಕಂಪನಿಗಳನ್ನು ನಾನು ಬೈಯುತ್ತಿಲ್ಲ. ಕಲಬುರಗಿ–ಶಿವಮೊಗ್ಗದ ನಡುವೆ ದಿನಕ್ಕೊಂದು ವಿಮಾನ ತುಂಬುವಷ್ಟು ಜನ ಇದ್ದಾರೆಯೇ ಎಂದು ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ವರ್ಗಾವಣೆಯಾದ ನೌಕರರು, ವಿಶ್ವವಿದ್ಯಾಲಯಗಳ ಮೇಷ್ಟ್ರುಗಳು, ಸಿಇಟಿ ಸೀಟು ಸಿಕ್ಕ ಮಕ್ಕಳು, ನಮ್ಮಂಥ ಬೀಗರು. ಅವರಲ್ಲಿ ಹೆಚ್ಚಿನವರು ಬಸ್ಸಿನ ದರ ನೋಡಿ ಹೊರಡುವವರು. ಆದರೆ ನೇರ ವಿಮಾನವನ್ನೇ ಕೊಡಬೇಕೆಂದಿಲ್ಲ. ಬೆಂಗಳೂರಿನಲ್ಲಿ ಒಂದು ಕಂಪನಿಯ ಸಾಮಾನು ಇನ್ನೊಂದು ಕಂಪನಿಗೆ ತಾನಾಗಿ ದಾಟುವಂತೆ, ಎರಡು ತುಂಡು ಪ್ರಯಾಣಕ್ಕೆ ಒಂದೇ ಟಿಕೆಟ್ ಸಿಗುವಂತೆ, ಬೆಳಗಿನ ಕಲಬುರಗಿ ವಿಮಾನಕ್ಕೂ ಮುಂದಿನ ಶಿವಮೊಗ್ಗ ವಿಮಾನಕ್ಕೂ ಎರಡು ಗಂಟೆಯ ಅಂತರ ಇರುವಂತೆ ಕೂತು ಮಾತನಾಡಿದರೆ ನಮ್ಮ ಇಡೀ ಹಗಲು ಅರ್ಧ ಹಗಲಾಗುತ್ತದೆ. ಇದಕ್ಕೆ ಹೊಸ ರನ್‌ವೇ ಬೇಡ, ಶಂಕುಸ್ಥಾಪನೆ ಬೇಡ. ಬಹುಶಃ ಆ ಕಾರಣಕ್ಕೇ ಯಾವ ಮಂತ್ರಿಗೂ ಇದರಲ್ಲಿ ಆಸಕ್ತಿ ಇಲ್ಲ. ಶಿವಮೊಗ್ಗದ ನಿಲ್ದಾಣವನ್ನು ನಡೆಸುತ್ತಿರುವುದೇ ರಾಜ್ಯ ಸರ್ಕಾರದ ಸಂಸ್ಥೆ; ಮಾತು ಶುರುಮಾಡುವ ಅಧಿಕಾರವೂ ಅದರ ಕೈಯಲ್ಲೇ ಇದೆ.

ನಿಮ್ಮಿಂದ ನಾನು ಕೇಳುವುದು ಪಟ್ಟಿಯ ಬಗ್ಗೆ ಮಾತ್ರ. ಮುಂದಿನ ಬಾರಿ ಅಚ್ಚು ಹಾಕುವಾಗ ನೇರ ದೂರದ ಪಕ್ಕದಲ್ಲಿ ರಸ್ತೆಯ ದೂರವನ್ನೂ ಹಾಕಿ. ಸೂತ್ರದ ಸಮಯವನ್ನು ತೆಗೆದುಹಾಕಿ. ವಿಮಾನ ಇದ್ದರೆ ಕಂಪನಿಯ ವೇಳಾಪಟ್ಟಿಯ ಸಮಯವನ್ನು ತಾರೀಖಿನೊಂದಿಗೆ ಕೊಡಿ. ಇಲ್ಲದಿದ್ದರೆ ‘ನೇರ ವಿಮಾನವಿಲ್ಲ’ ಎಂದು ಬರೆಯಿರಿ, ಅದಕ್ಕೆ ನಾಚಿಕೆ ಬೇಡ. ನೇರ ದೂರಗಳನ್ನು ನಾನು ಕೂತು ತೆಗೆದಿದ್ದೇನೆ, ಬೇಕಾದರೆ ಬಳಸಿಕೊಳ್ಳಿ: ಕಲಬುರಗಿ–ಮೈಸೂರು ಸುಮಾರು 563 ಕಿಲೋಮೀಟರ್, ಬೆಳಗಾವಿ–ಮೈಸೂರು 458, ಹುಬ್ಬಳ್ಳಿ–ಮೈಸೂರು 386, ಶಿವಮೊಗ್ಗ–ಮಂಗಳೂರು 126, ಕಲಬುರಗಿ–ಬೀದರ್ 87. ಕೊನೆಯ ಎರಡಕ್ಕೆ ವಿಮಾನದ ಸಮಯ ಬರೆಯಲು ದಯವಿಟ್ಟು ಹೋಗಬೇಡಿ. ಉಳಿದ ಮೂರರ ಮುಂದಿನ ಖಾನೆಯನ್ನು ಮಾತ್ರ ನಿಮ್ಮ ವರದಿಗಾರರು ನಿಲ್ದಾಣಗಳಿಗೆ ಫೋನು ಮಾಡಿ ಕೇಳಿ ತುಂಬಬೇಕು. ಅದು ಅಡಿಪಟ್ಟಿಯಿಂದ ಸಿಗುವುದಿಲ್ಲ.

ಇಂತಿ,
ನಿವೃತ್ತ ಭೂಮಾಪಕ
ಶಹಾಬಜಾರ್, ಕಲಬುರಗಿ